ಹ್ಯಾಮಿಲ್ಟನ್ ಕಡೆಯೋ ಜೆಫರ್ಸನ್ ಕಡೆಯೋ? 1800ರ ಅಮೆರಿಕದಲ್ಲಿ ನಿಮ್ಮ ಮತ ಯಾರಿಗೆ

ಅಮೆರಿಕದ ಮೊದಲ ಎರಡು ಪಕ್ಷಗಳ ಬಗ್ಗೆ ಎಲ್ಲಿ ಓದಿದರೂ ಒಂದೇ ಸಾಲು ಸಿಗುತ್ತದೆ: ಹ್ಯಾಮಿಲ್ಟನ್ ಮುಂದಾಳತ್ವದ ಫೆಡರಲಿಸ್ಟರಿಗೆ ಬಲವಾದ ಕೇಂದ್ರ ಬೇಕಿತ್ತು, ಜೆಫರ್ಸನ್ ಕಡೆಯವರಿಗೆ ರಾಜ್ಯಗಳ ಹಕ್ಕು ಬೇಕಿತ್ತು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಇಷ್ಟು ಸಾಕು. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳೋಣ ಅಂತ ಕೂತರೆ ಮಾತ್ರ ಈ ಸಾಲು ಕೈಕೊಡುತ್ತದೆ. ಸಂವಿಧಾನದಲ್ಲಿ ಎಲ್ಲೂ ಬರೆಯದ ಅಧಿಕಾರ ಬಳಸಿ 1803ರಲ್ಲಿ ಫ್ರಾನ್ಸಿನಿಂದ ಲೂಸಿಯಾನ ಪ್ರದೇಶ ಕೊಂಡು ದೇಶದ ವಿಸ್ತೀರ್ಣವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿದವನು ಇದೇ ಜೆಫರ್ಸನ್. 1814ರಲ್ಲಿ ರಾಜ್ಯಗಳ ಹಕ್ಕು ಎಂದು ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಬಾಗಿಲು ಹಾಕಿಕೊಂಡು ಸಭೆ ಸೇರಿದವರು ಇದೇ ಫೆಡರಲಿಸ್ಟರು.

ಅದಕ್ಕೇ ಇಲ್ಲಿ ಬೇರೆ ಅಳತೆಗೋಲು ಹಿಡಿದಿದ್ದೇನೆ. ಪಕ್ಷಕ್ಕೆ ಏನು ಬೇಕಿತ್ತು ಅನ್ನುವುದನ್ನು ಬದಿಗಿಟ್ಟು, ಅದು ಯಾರನ್ನು ಕಂಡರೆ ಹೆದರುತ್ತಿತ್ತು ಅಂತ ನೋಡಿ. ಫೆಡರಲಿಸ್ಟರಿಗೆ ಬೀದಿಯ ಭಯ. 1786–87ರಲ್ಲಿ ಮ್ಯಾಸಚೂಸೆಟ್ಸ್‌ನ ಸಾಲಗಾರ ರೈತರು ಡೇನಿಯಲ್ ಶೇಸ್‌ನ ಹಿಂದೆ ಬಂದೂಕು ಹಿಡಿದು ಕೋರ್ಟುಗಳನ್ನೇ ಮುಚ್ಚಿಸಿದ್ದನ್ನು ಅವರು ಮರೆತಿರಲಿಲ್ಲ. ಆಮೇಲೆ ಪ್ಯಾರಿಸ್ಸಿನ ಗಿಲೊಟಿನ್ ಸುದ್ದಿ ಬೇರೆ ಬಂತು. ಜೆಫರ್ಸನ್ ಕಡೆಯವರಿಗೆ ಅರಮನೆಯ ಭಯ: ರಾಜ, ಆಸ್ಥಾನ, ಕಾಯಂ ಸೈನ್ಯ, ಸರ್ಕಾರಿ ಸಾಲದ ಬಡ್ಡಿಯಲ್ಲೇ ಬೆಳೆಯುವ ಧನಿಕರ ಕೂಟ. ಈ ಎರಡು ಭಯಗಳು ಕೊನೆಯವರೆಗೂ ಅಲುಗಲಿಲ್ಲ. ಉಳಿದದ್ದು, ಸಂವಿಧಾನದ ವ್ಯಾಖ್ಯಾನವೂ ಸೇರಿದಂತೆ, ಅಧಿಕಾರ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಆಚೀಚೆ ಆಗುತ್ತಲೇ ಇತ್ತು.

ಮುಂದೆ ಹೋಗುವ ಮುನ್ನ ಹೆಸರುಗಳದ್ದೊಂದು ತಕರಾರು ಮುಗಿಸಿಬಿಡೋಣ. ಜೆಫರ್ಸನ್ ಪಕ್ಷದವರು ತಮ್ಮನ್ನು ರಿಪಬ್ಲಿಕನ್ನರು ಅಂದುಕೊಳ್ಳುತ್ತಿದ್ದರು. 1854ರಲ್ಲಿ ಹುಟ್ಟಿ ಲಿಂಕನ್‌ನನ್ನು ಗೆಲ್ಲಿಸಿದ ಈಗಿನ ರಿಪಬ್ಲಿಕನ್ ಪಕ್ಷಕ್ಕೂ ಇದಕ್ಕೂ ಸಂಬಂಧವಿಲ್ಲ. ಪಠ್ಯಪುಸ್ತಕಗಳ ಡೆಮಾಕ್ರಟಿಕ್-ರಿಪಬ್ಲಿಕನ್ ಎಂಬ ಜೋಡಿ ಹೆಸರು ಹೆಚ್ಚಾಗಿ ಇತಿಹಾಸಕಾರರ ಅನುಕೂಲಕ್ಕೆ ಬಂದದ್ದು. ಫೆಡರಲಿಸ್ಟ್ ಅನ್ನುವುದೂ ಎರಡು ಬಾರಿ ಬರುತ್ತದೆ. 1787–88ರಲ್ಲಿ ಹೊಸ ಸಂವಿಧಾನವನ್ನು ಒಪ್ಪಿದವರೆಲ್ಲ ಫೆಡರಲಿಸ್ಟರೇ. ಆಗ ಹ್ಯಾಮಿಲ್ಟನ್, ಮುಂದೆ ಅಧ್ಯಕ್ಷನಾದ ಮ್ಯಾಡಿಸನ್, ಜಾನ್ ಜೇ ಮೂವರೂ ಪಬ್ಲಿಯಸ್ ಎಂಬ ಒಂದೇ ಕಾವ್ಯನಾಮದಲ್ಲಿ 85 ಲೇಖನ ಬರೆದು ಸಂವಿಧಾನದ ಪರ ವಾದಿಸಿದ್ದರು. ಮೂರೇ ವರ್ಷದಲ್ಲಿ ಮ್ಯಾಡಿಸನ್ ಎದುರು ಪಾಳೆಯದಲ್ಲಿದ್ದ. ನಡುವೆ ಆದದ್ದೇನು ಎಂಬುದೇ ಈ ಪಕ್ಷಗಳ ಹುಟ್ಟಿನ ಕಥೆ.

ಜಗಳ ಹುಟ್ಟಿದ್ದು ಸಾಲದ ಚೀಟಿಯಲ್ಲಿ

ಸ್ವಾತಂತ್ರ್ಯ ಯುದ್ಧಕ್ಕೆ ಮಾಡಿದ ಸಾಲ ಒಕ್ಕೂಟದ ತಲೆಯ ಮೇಲೆ ಸುಮಾರು 5.4 ಕೋಟಿ ಡಾಲರ್ ಇತ್ತು, ರಾಜ್ಯಗಳ ತಲೆಯ ಮೇಲೆ ಇನ್ನೂ ಸುಮಾರು 2.5 ಕೋಟಿ. ಸೈನಿಕರಿಗೆ ಸಂಬಳದ ಬದಲು ಸಾಲಪತ್ರ ಕೊಟ್ಟು ಕಳಿಸಲಾಗಿತ್ತು. ಮನೆಗೆ ಬಂದ ಸೈನಿಕನಿಗೆ ಬೀಜ ಕೊಳ್ಳಬೇಕು, ತೆರಿಗೆ ಕಟ್ಟಬೇಕು, ಕೈಯಲ್ಲಿ ಕಾಸಿಲ್ಲ. ಮುಖಬೆಲೆಯ ಕಾಲುಭಾಗಕ್ಕೋ ಇನ್ನೂ ಕಡಿಮೆಗೋ ಚೀಟಿಯನ್ನು ಮಾರಿಕೊಂಡ.

ಹಣಕಾಸು ಕಾರ್ಯದರ್ಶಿಯಾಗಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1790ರ ಜನವರಿಯಲ್ಲಿ ಕಾಂಗ್ರೆಸ್ ಮುಂದೆ ವರದಿ ಇಟ್ಟ: ಒಕ್ಕೂಟದ ಸಾಲಪತ್ರಗಳನ್ನು ಪೂರ್ತಿ ಮುಖಬೆಲೆಗೆ ಮಾನ್ಯ ಮಾಡಬೇಕು, ಹಣ ಸಲ್ಲಬೇಕಾದದ್ದು ಈಗ ಪತ್ರ ಯಾರ ಕೈಯಲ್ಲಿದೆಯೋ ಅವರಿಗೆ, ರಾಜ್ಯಗಳ ಸಾಲವನ್ನೂ ಕೇಂದ್ರವೇ ಹೊರಬೇಕು. ಸುದ್ದಿ ಹೊರಬಿದ್ದದ್ದೇ ತಡ, ನ್ಯೂಯಾರ್ಕಿನ ಸಟ್ಟಾ ವ್ಯಾಪಾರಿಗಳು ಇನ್ನೂ ಸುದ್ದಿ ಮುಟ್ಟದ ದಕ್ಷಿಣದ ಊರುಗಳಿಗೆ ಹೊರಟರು. ಎರಡೇ ವಾರದಲ್ಲಿ ಮೂರು ಹಡಗು ಇದೇ ಕೆಲಸಕ್ಕೆ ಈ ಬಂದರಿನಿಂದ ಹೊರಟಿವೆ ಎಂದು ಜಾರ್ಜಿಯಾದ ಜೇಮ್ಸ್ ಜಾಕ್ಸನ್ ಸದನದಲ್ಲೇ ಗುಡುಗಿದ. ಯುದ್ಧ ಮಾಡಿದವನಿಗೆ ಪುಡಿಗಾಸು; ಅವನ ಚೀಟಿ ಕೊಂಡವನು ಮಾತ್ರ ಉಂಡೂ ಹೋದ ಕೊಂಡೂ ಹೋದ.

ಮ್ಯಾಡಿಸನ್ ನಡುದಾರಿಯೊಂದನ್ನು ಮುಂದಿಟ್ಟ. ಈಗ ಪತ್ರ ಇಟ್ಟುಕೊಂಡವರಿಗೆ ಮಾರುಕಟ್ಟೆಯಲ್ಲಿ ಅದಕ್ಕೆ ಬಂದಿದ್ದ ಅತಿ ಹೆಚ್ಚಿನ ಬೆಲೆ ಕೊಡಿ, ಉಳಿದದ್ದು ಮೂಲ ಸೈನಿಕನಿಗೆ ಹೋಗಲಿ ಅಂದ. ಕೆಳಮನೆಯಲ್ಲಿ 36–13ರಿಂದ ಅದು ಬಿದ್ದುಹೋಯಿತು. ಹ್ಯಾಮಿಲ್ಟನ್‌ನ ವಾದ ಗಟ್ಟಿಯಾಗಿಯೇ ಇತ್ತು: ಕೊಂಡವನ ಹಕ್ಕನ್ನು ಸರ್ಕಾರವೇ ಮುರಿದರೆ ನಾಳೆ ಅದರ ಪತ್ರವನ್ನು ಯಾರು ಕೊಳ್ಳುತ್ತಾರೆ? ಮೂಲ ಒಡೆಯರು ಯಾರು ಅಂತ ಹುಡುಕುವುದೂ ಸುಲಭದ ಕೆಲಸವಾಗಿರಲಿಲ್ಲ. ನನ್ನ ಲೆಕ್ಕದಲ್ಲಿ ಹಣಕಾಸಿನ ಮಟ್ಟಿಗೆ ಹ್ಯಾಮಿಲ್ಟನ್ ಸರಿ, ನ್ಯಾಯದ ಮಟ್ಟಿಗೆ ಮ್ಯಾಡಿಸನ್ ಸರಿ. ಇಂಥ ಕಡೆಯೇ ಪಕ್ಷಗಳು ಹುಟ್ಟುವುದು.

ರಾಜ್ಯಗಳ ಸಾಲದ ವಿಚಾರ ಇನ್ನೂ ಕಗ್ಗಂಟಾಯಿತು. ವರ್ಜೀನಿಯಾ ತನ್ನ ಸಾಲದ ಬಹುಪಾಲು ತೀರಿಸಿಕೊಂಡಿತ್ತು. ಮ್ಯಾಸಚೂಸೆಟ್ಸ್ ಸಾಲಕ್ಕೆ ನಾವೇಕೆ ತೆರಿಗೆ ಕಟ್ಟಬೇಕು ಎಂಬುದು ಅವರ ಪ್ರಶ್ನೆ. 1790ರ ಜೂನ್‌ನಲ್ಲಿ ನ್ಯೂಯಾರ್ಕಿನ ತನ್ನ ಬಾಡಿಗೆ ಮನೆಗೆ ಜೆಫರ್ಸನ್, ಹ್ಯಾಮಿಲ್ಟನ್ ಮತ್ತು ಮ್ಯಾಡಿಸನ್ ಇಬ್ಬರನ್ನೂ ಊಟಕ್ಕೆ ಕರೆದ. ಎಲೆ ಎತ್ತುವಷ್ಟರಲ್ಲಿ ಚೌಕಾಸಿ ಕುದುರಿತ್ತು: ಸಾಲ ಕೇಂದ್ರಕ್ಕೆ, ರಾಜಧಾನಿ ದಕ್ಷಿಣದ ಪೊಟೊಮ್ಯಾಕ್ ನದಿ ದಡಕ್ಕೆ. ವಾಷಿಂಗ್ಟನ್ ನಗರ ಅಲ್ಲಿ ಇರುವುದಕ್ಕೆ ಈ ಊಟ ಒಂದು ಕಾರಣ. ತಾನು ಮೋಸಹೋದೆ ಎಂದು ಜೆಫರ್ಸನ್ ಆಮೇಲೆ ಗೊಣಗಿದ.

ಮರುವರ್ಷ ಬ್ಯಾಂಕಿನ ಸರದಿ. ಒಂದು ಕೋಟಿ ಡಾಲರ್ ಬಂಡವಾಳ, ಅದರಲ್ಲಿ ಐದನೇ ಒಂದು ಪಾಲು ಸರ್ಕಾರದ್ದು, 20 ವರ್ಷದ ಸನ್ನದು. ಬ್ಯಾಂಕ್ ತೆರೆಯುವ ಅಧಿಕಾರ ಸಂವಿಧಾನದಲ್ಲಿ ಎಲ್ಲಿದೆ ಎಂದು ಜೆಫರ್ಸನ್ ಕೇಳಿದ. ಬರೆಯದೆ ಇದ್ದರೂ ಬರೆದ ಕೆಲಸಗಳನ್ನು ಮಾಡಲು ಬೇಕಾದ ಉಪಾಯಗಳೆಲ್ಲ ಅದರೊಳಗೇ ಇವೆ ಎಂದು ಹ್ಯಾಮಿಲ್ಟನ್ ಉತ್ತರ ಕೊಟ್ಟ. ಇಬ್ಬರ ಟಿಪ್ಪಣಿಯನ್ನೂ ಓದಿದ ವಾಷಿಂಗ್ಟನ್ 1791ರ ಫೆಬ್ರವರಿ 25ರಂದು ಮಸೂದೆಗೆ ಸಹಿ ಹಾಕಿದ. ಆವತ್ತಿನಿಂದ ಸಂಪುಟದಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಕಥೆ. ಹ್ಯಾಮಿಲ್ಟನ್‌ಗೆ ಜಾನ್ ಫೆನೋನ ಪತ್ರಿಕೆಯ ಬೆಂಬಲವಿತ್ತು. ಜೆಫರ್ಸನ್ ತನ್ನ ವಿದೇಶಾಂಗ ಇಲಾಖೆಯಲ್ಲಿ ಕವಿ ಫಿಲಿಪ್ ಫ್ರೆನೋಗೆ ವರ್ಷಕ್ಕೆ 250 ಡಾಲರಿನ ಭಾಷಾಂತರಕಾರನ ಕೆಲಸ ಕೊಟ್ಟ. ಫ್ರೆನೋ ಸರ್ಕಾರದ ಸಂಬಳ ತಿಂದು ತನ್ನ ಪತ್ರಿಕೆಯಲ್ಲಿ ಅದೇ ಸರ್ಕಾರವನ್ನು ಜಾಡಿಸಿದ. ತತ್ತ್ವನಿಷ್ಠ ಅಂತ ಹೆಸರಾದ ಜೆಫರ್ಸನ್‌ನನ್ನು ಆರಿಸುವ ಮುನ್ನ ಇದನ್ನೂ ಜೇಬಿನಲ್ಲಿಟ್ಟುಕೊಳ್ಳಿ.

ಹಾಗಾದರೆ ಈ ಮೊದಲ ಅಳತೆಯಲ್ಲಿ ಆಯ್ಕೆ ಹೇಗೆ? ನೀವು ಬೋಸ್ಟನ್ನಿನ ಹಡಗಿನ ವ್ಯಾಪಾರಿ, ಫಿಲಡೆಲ್ಫಿಯಾದ ವಿಮೆದಾರ, ಸಾಲಪತ್ರ ಕೂಡಿಟ್ಟವರು ಆಗಿದ್ದರೆ ಯೋಚಿಸುವ ಅಗತ್ಯವೇ ಇಲ್ಲ, ಫೆಡರಲಿಸ್ಟ್. ವರ್ಜೀನಿಯಾದ ತಂಬಾಕು ಜಮೀನುದಾರ, ಒಳನಾಡಿನ ಸಣ್ಣ ರೈತ ಆದರೆ ರಿಪಬ್ಲಿಕನ್. ನಗರದ ಕಮ್ಮಾರ, ಬಡಗಿಗಳದ್ದು ಮಾತ್ರ ಪೇಚು. 1788ರಲ್ಲಿ ಅವರು ಸಂವಿಧಾನದ ಪರ ಮೆರವಣಿಗೆ ಹೋದವರು. ಹೊಸ ಸರ್ಕಾರದ ಆಮದು ಸುಂಕ ಅವರ ಕಸುಬಿಗೆ ಆಸರೆ. ಆದರೂ 1800ರ ಹೊತ್ತಿಗೆ ದೊಡ್ಡ ಸಂಖ್ಯೆಯಲ್ಲಿ ಜೆಫರ್ಸನ್ ಕಡೆ ವಾಲಿದ್ದರು. ಫೆಡರಲಿಸ್ಟ್ ಧನಿಕರು ತಮ್ಮನ್ನು ಆಳುಗಳಂತೆ ಕಾಣುತ್ತಾರೆ ಎಂಬ ಸಿಟ್ಟು ಸುಂಕದ ಲಾಭಕ್ಕಿಂತ ಹೆಚ್ಚು ತೂಗಿತು.

ವಿಸ್ಕಿ ಕಾಯಿಸುವವರಿಗೆ ಒಂದು ಮಾತು

ಸಾಲ ತೀರಿಸಲು ಹಣ ಬೇಕಲ್ಲ. 1791ರಲ್ಲಿ ವಿಸ್ಕಿಯ ಮೇಲೆ ಅಬಕಾರಿ ಸುಂಕ ಬಂತು. ಪೂರ್ವದ ದೊಡ್ಡ ಭಟ್ಟಿಗಳಿಗೆ ಅದು ಬೆಲೆಗೆ ಸೇರಿಸಿ ಗಿರಾಕಿಗೆ ದಾಟಿಸಬಹುದಾದ ಖರ್ಚು. ಅಲೆಘೆನಿ ಬೆಟ್ಟಗಳಾಚೆ, ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ, ಪರಿಸ್ಥಿತಿ ಬೇರೆ. ಧಾನ್ಯವನ್ನು ಕುದುರೆಯ ಮೇಲೆ ಹೇರಿ ಬೆಟ್ಟ ದಾಟಿಸಿದರೆ ಸಾಗಣೆಗೇ ಲಾಭವೆಲ್ಲ ಹೋಗುತ್ತಿತ್ತು. ಅದನ್ನೇ ಕಾಯಿಸಿ ಪೀಪಾಯಿಗೆ ತುಂಬಿದರೆ ಅದೇ ಕುದುರೆ ಎಷ್ಟೋ ಪಟ್ಟು ಬೆಲೆಯ ಸರಕು ಹೊರುತ್ತಿತ್ತು. ಅಲ್ಲಿ ನಗದು ಅಪರೂಪ, ಕೂಲಿಯನ್ನೂ ವಿಸ್ಕಿಯಲ್ಲೇ ಕೊಡುತ್ತಿದ್ದರು. ಸುಂಕ ಮಾತ್ರ ನಗದಿನಲ್ಲಿ ಕಟ್ಟಬೇಕು. ಕಟ್ಟದಿದ್ದರೆ ಬೆಟ್ಟ ದಾಟಿ ದೂರದ ಫಿಲಡೆಲ್ಫಿಯಾ ಕೋರ್ಟಿಗೆ ಅಲೆಯಬೇಕು.

1794ರ ಜುಲೈನಲ್ಲಿ ಸುಂಕದ ಮೇಲಧಿಕಾರಿ ಜಾನ್ ನೆವಿಲ್‌ನ ಬಂಗಲೆಗೆ ಬೆಂಕಿ ಬಿತ್ತು. ಹ್ಯಾಮಿಲ್ಟನ್ ಕಣ್ಣಿಗೆ ಅದು ಶೇಸ್ ದಂಗೆಯ ಎರಡನೇ ಅಂಕ. ಸುಮಾರು 13,000 ಮಂದಿಯ ಪಡೆ ಕಟ್ಟಿ, ಸ್ವತಃ ಅಧ್ಯಕ್ಷ ವಾಷಿಂಗ್ಟನ್ ಸ್ವಲ್ಪ ದೂರ ಜೊತೆಗೆ ನಡೆದು, ಹ್ಯಾಮಿಲ್ಟನ್ ಕೊನೆಯವರೆಗೂ ಹೋದ. ಪಡೆ ತಲುಪುವಷ್ಟರಲ್ಲಿ ದಂಗೆಕೋರರು ಚೆದುರಿದ್ದರು. ಇಬ್ಬರಿಗೆ ದೇಶದ್ರೋಹದ ಶಿಕ್ಷೆಯಾಯಿತು, ಇಬ್ಬರಿಗೂ ವಾಷಿಂಗ್ಟನ್ ಕ್ಷಮೆ ಕೊಟ್ಟ. ದಂಗೆ ಅಂತ ಸಾರಿದರು, ಅದರ ಮೇಲೆ ದಂಡೆತ್ತಿ ಹೋದರು, ದಂಗೆ ಮಾತ್ರ ಸಿಗಲೇ ಇಲ್ಲ ಎಂಬರ್ಥದಲ್ಲಿ ಜೆಫರ್ಸನ್ ಪತ್ರ ಬರೆದ. ಅಧಿಕಾರಕ್ಕೆ ಬಂದ ಮರುವರ್ಷ, 1802ರಲ್ಲಿ, ಆ ಸುಂಕವನ್ನೇ ಕಿತ್ತುಹಾಕಿಸಿದ. ಭಟ್ಟಿ ಇಟ್ಟವರು ಯಾರಿಗೆ ಮತ ಹಾಕಬೇಕು ಅಂತ ಇನ್ನು ಬಿಡಿಸಿ ಹೇಳಬೇಕಿಲ್ಲ.

ವಿದೇಶಾಂಗ ನೀತಿಯನ್ನು ಬೇಗ ಮುಗಿಸುತ್ತೇನೆ. ಫೆಡರಲಿಸ್ಟರು ಬ್ರಿಟನ್ ಕಡೆ, ರಿಪಬ್ಲಿಕನ್ನರು ಫ್ರಾನ್ಸ್ ಕಡೆ ಅನ್ನುವುದು ಸ್ಥೂಲವಾಗಿ ಸರಿ. ಆಮದು ಸುಂಕವೇ ಖಜಾನೆಯ ಜೀವಾಳ, ಆಮದಿನ ಬಹುಪಾಲು ಬ್ರಿಟನ್ನಿನದು. ಹ್ಯಾಮಿಲ್ಟನ್ ಯಾಕೆ ಬ್ರಿಟನ್ ಜೊತೆ ಜಗಳಕ್ಕೆ ಹೋಗಲಿಲ್ಲ ಎಂಬುದಕ್ಕೆ ಇಷ್ಟೇ ಸಾಕು. 1795ರಲ್ಲಿ ಜಾನ್ ಜೇ ಬ್ರಿಟನ್ನಿನಿಂದ ತಂದ ಒಪ್ಪಂದ ಸೆನೆಟ್‌ನಲ್ಲಿ 20–10ರಿಂದ, ಬೇಕಾದ ಮೂರನೇ ಎರಡರಷ್ಟು ಬಹುಮತದಲ್ಲಿ ಒಂದು ಮತವೂ ಹೆಚ್ಚಿಲ್ಲದೆ ಪಾಸಾಯಿತು. ಬೀದಿಗಳಲ್ಲಿ ಜೇ ಪ್ರತಿಕೃತಿ ಸುಟ್ಟರು. ಜೀವಮಾನವಿಡೀ ಆಪ್ತರಾಗಿದ್ದವರು ಮುಖಾಮುಖಿ ಆಗದಿರಲು ರಸ್ತೆ ದಾಟಿ ಹೋಗುತ್ತಿದ್ದಾರೆ ಎಂದು 1797ರಲ್ಲಿ ಜೆಫರ್ಸನ್ ಬರೆದ. ಪಕ್ಷಗಳೇ ಬೇಡ ಎಂದು ವಾಷಿಂಗ್ಟನ್ ವಿದಾಯದ ಸಂದೇಶ ಕೊಟ್ಟು ಒಂದು ವರ್ಷ ಕೂಡ ಆಗಿರಲಿಲ್ಲ.

ಬಾಯಿ ಇದ್ದವರು, ಹೊರಗಿನಿಂದ ಬಂದವರು

1798 ಈ ಹೋಲಿಕೆಯ ನಡುಗಂಬ. ಫ್ರಾನ್ಸ್ ಜೊತೆ ಸಮುದ್ರದಲ್ಲಿ ಅಘೋಷಿತ ಯುದ್ಧ ನಡೆದಿತ್ತು. ಕೆಳಮನೆಯ ಒಳಗೇ ಕೈಮಿಲಾಯಿಸುವ ಮಟ್ಟ. ಐರ್ಲೆಂಡಿನಿಂದ ಬಂದು ವೆರ್ಮಾಂಟ್‌ನಲ್ಲಿ ನೆಲೆಸಿದ್ದ ರಿಪಬ್ಲಿಕನ್ ಮ್ಯಾಥ್ಯೂ ಲಿಯಾನ್, ಕನೆಕ್ಟಿಕಟ್‌ನ ರೋಜರ್ ಗ್ರಿಸ್‌ವೋಲ್ಡ್‌ನ ಮುಖಕ್ಕೆ ಉಗಿದ. ಎರಡು ವಾರದ ಮೇಲೆ ಗ್ರಿಸ್‌ವೋಲ್ಡ್ ಗಟ್ಟಿ ಬೆತ್ತ ಹಿಡಿದು ಬಂದು, ತನ್ನ ಜಾಗದಲ್ಲಿ ಕೂತಿದ್ದ ಲಿಯಾನ್‌ಗೆ ಬಾರಿಸತೊಡಗಿದ. ಲಿಯಾನ್ ಓಡಿಹೋಗಿ ಸಭಾಂಗಣದ ಅಗ್ಗಿಷ್ಟಿಕೆಯಿಂದ ಇಕ್ಕಳ ತಂದು ತಿರುಗಿಬಿದ್ದ. ಕಾಲು ಹಿಡಿದೆಳೆದು ಇಬ್ಬರನ್ನೂ ಬಿಡಿಸಬೇಕಾಯಿತು.

ಅದೇ ಬೇಸಿಗೆಯಲ್ಲಿ ಫೆಡರಲಿಸ್ಟ್ ಕಾಂಗ್ರೆಸ್ ನಾಲ್ಕು ಕಾಯ್ದೆ ಮಾಡಿತು. ಒಂದು, ಪೌರತ್ವಕ್ಕೆ ಕಾಯಬೇಕಾದ ಅವಧಿಯನ್ನು 5 ವರ್ಷದಿಂದ 14ಕ್ಕೆ ಏರಿಸಿತು. ವಲಸೆ ಬಂದ ಐರಿಷರು ಜೆಫರ್ಸನ್‌ಗೇ ಮತ ಹಾಕುತ್ತಾರೆ ಎಂಬ ಲೆಕ್ಕ ಅದರ ಹಿಂದಿತ್ತು. ಎರಡು ಕಾಯ್ದೆಗಳು ವಿದೇಶಿಯರನ್ನು ಹಿಡಿಯುವ, ಗಡೀಪಾರು ಮಾಡುವ ಅಧಿಕಾರವನ್ನು ಅಧ್ಯಕ್ಷನಿಗೆ ಕೊಟ್ಟವು. ನಾಲ್ಕನೆಯದು ಸೆಡಿಷನ್ ಕಾಯ್ದೆ: ಸರ್ಕಾರ, ಕಾಂಗ್ರೆಸ್, ಅಧ್ಯಕ್ಷರ ವಿರುದ್ಧ ದುರುದ್ದೇಶದ ಸುಳ್ಳು ಬರೆದರೆ ಜೈಲು. ಪಟ್ಟಿಯಲ್ಲಿ ಉಪಾಧ್ಯಕ್ಷನ ಹೆಸರಿಲ್ಲ, ಯಾಕೆಂದರೆ ಆಗ ಉಪಾಧ್ಯಕ್ಷ ಜೆಫರ್ಸನ್. ಅವನನ್ನು ಎಷ್ಟಾದರೂ ಬೈಯಬಹುದು. ಕಾಯ್ದೆಯ ಆಯುಸ್ಸು 1801ರ ಮಾರ್ಚ್ 3ರವರೆಗೆ, ಅಂದರೆ ಫೆಡರಲಿಸ್ಟ್ ಅಧ್ಯಕ್ಷ ಜಾನ್ ಆಡಮ್ಸ್‌ನ ಅವಧಿಯ ಕೊನೆಯ ದಿನದವರೆಗೆ. ತಮ್ಮ ವಿರುದ್ಧ ಬಳಕೆಯಾಗದಂತೆ ಇಷ್ಟು ಜಾಗ್ರತೆಯಿಂದ ಬರೆದ ಕಾಯ್ದೆ ಅಪರೂಪ.

ಅದರ ಬಲೆಗೆ ಬಿದ್ದವರಲ್ಲಿ ದೊಡ್ಡ ಸಂಪಾದಕರಷ್ಟೇ ಇರಲಿಲ್ಲ. ನ್ಯೂಜೆರ್ಸಿಯ ನ್ಯೂಅರ್ಕ್ ಪಟ್ಟಣದ ಮೂಲಕ ಆಡಮ್ಸ್ ಹಾದುಹೋದಾಗ ಗೌರವಕ್ಕೆ ತೋಪು ಹಾರಿಸಿದರು. ಹೆಂಡದಂಗಡಿ ಕಡೆ ಹೊರಟಿದ್ದ ಲೂಥರ್ ಬಾಲ್ಡ್‌ವಿನ್ ಎಂಬಾತ, ಆ ಗುಂಡು ಅಧ್ಯಕ್ಷನ ಅಂಡಿಗೆ ಹೊಡೆದರೂ ನನಗೇನೂ ಇಲ್ಲ ಎಂಬರ್ಥದ ಮಾತಾಡಿದ. ಅಂಗಡಿಯವನು ಕೇಳಿಸಿಕೊಂಡು ದೂರು ಕೊಟ್ಟ. ಬಾಲ್ಡ್‌ವಿನ್‌ಗೆ ದಂಡ ಬಿತ್ತು. ನಮ್ಮ ಇಕ್ಕಳದ ಲಿಯಾನ್‌ಗೆ ನಾಲ್ಕು ತಿಂಗಳು ಜೈಲು, 1,000 ಡಾಲರ್ ದಂಡ. ಜೈಲಿನಲ್ಲಿದ್ದುಕೊಂಡೇ ಅವನು ಮರುಚುನಾವಣೆ ಗೆದ್ದ.

ರಿಪಬ್ಲಿಕನ್ನರ ಉತ್ತರ ಕೆಂಟಕಿ ಮತ್ತು ವರ್ಜೀನಿಯಾ ಶಾಸನಸಭೆಗಳ ನಿರ್ಣಯಗಳು. ಒಂದನ್ನು ಜೆಫರ್ಸನ್, ಇನ್ನೊಂದನ್ನು ಮ್ಯಾಡಿಸನ್ ಗುಟ್ಟಾಗಿ ಬರೆದುಕೊಟ್ಟಿದ್ದರು. ಸಂವಿಧಾನ ಮೀರಿದ ಕಾಯ್ದೆಯನ್ನು ರಾಜ್ಯಗಳು ಅಮಾನ್ಯ ಅನ್ನಬಹುದು ಎಂಬ ಈ ವಾದ ಮುಂದೆ ದಕ್ಷಿಣದ ಗುಲಾಮ ಒಡೆಯರ ಕೈಗೆ ಸಿಕ್ಕಿ ಏನೇನಾಯಿತು ಎಂಬುದು ಬೇರೆ ಕಥೆ.

ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಹಿಡಿದು ಪೌರತ್ವಕ್ಕೆ ಕಾಯುತ್ತಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ: ಕಾರ್ಡ್ ಕೈಗೆ ಬಂದ ಮೇಲೆ ನೀವು ಎಣಿಸುವ ಐದು ವರ್ಷ ಇದೆಯಲ್ಲ, ಅದು 1795ರಲ್ಲಿ ಬಂದು, 1798ರಲ್ಲಿ ಹೋಗಿ, 1802ರಲ್ಲಿ ಜೆಫರ್ಸನ್ ಕಾಲದಲ್ಲಿ ಮರಳಿ ಬಂದದ್ದು. ಹಾಗಂತ ಅವನಿಗೆ ಕೈಮುಗಿಯಬೇಕಿಲ್ಲ. 1790ರ ಕಾನೂನಿನ ಪ್ರಕಾರ ಪೌರತ್ವ ಸಿಗುತ್ತಿದ್ದದ್ದು ಸ್ವತಂತ್ರ ಬಿಳಿಯರಿಗೆ ಮಾತ್ರ. ಆ ಮಾತನ್ನು ಎರಡೂ ಪಕ್ಷ ಮುಟ್ಟಲಿಲ್ಲ. ಭಾರತೀಯರಿಗೆ ಆ ಬಾಗಿಲು ಕಾನೂನಿನ ಪ್ರಕಾರ ತೆರೆದದ್ದು 1946ರಲ್ಲಿ.

ದೇವರು, ಚೀಸ್, ಗುಲಾಮರು

ನೀವು ಈಶಾನ್ಯದ ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲಿ ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರಾಗಿದ್ದರೆ ಆಯ್ಕೆ ಸುಲಭ. ಕನೆಕ್ಟಿಕಟ್‌ನಲ್ಲಿ 1818ರವರೆಗೆ, ಮ್ಯಾಸಚೂಸೆಟ್ಸ್‌ನಲ್ಲಿ 1833ರವರೆಗೆ ಸರ್ಕಾರವೇ ಕಾಂಗ್ರಿಗೇಷನಲ್ ಚರ್ಚುಗಳಿಗೆ ಆಸರೆ ಕೊಡುತ್ತಿತ್ತು, ಅದರ ಪಾದ್ರಿಗಳೆಲ್ಲ ಹೆಚ್ಚುಕಡಿಮೆ ಫೆಡರಲಿಸ್ಟರು. ಜೆಫರ್ಸನ್ ನಾಸ್ತಿಕ, ಅವನು ಗೆದ್ದರೆ ಬೈಬಲ್ ಬಚ್ಚಿಡಬೇಕಾಗುತ್ತದೆ ಎಂಬಂಥ ಪ್ರಚಾರವೂ ನಡೆಯಿತು. ಬ್ಯಾಪ್ಟಿಸ್ಟರಿಗೆ ಅದೇ ಜೆಫರ್ಸನ್ ರಕ್ಷಕನಂತೆ ಕಂಡ, ಅವನು ತಮ್ಮ ಚರ್ಚಿನವನಲ್ಲದಿದ್ದರೂ.

ಮ್ಯಾಸಚೂಸೆಟ್ಸ್‌ನ ಚೆಷೈರ್ ಎಂಬ ಗುಡ್ಡದೂರಿನ ಬ್ಯಾಪ್ಟಿಸ್ಟರು ತಮ್ಮ ಗುರು ಜಾನ್ ಲೀಲ್ಯಾಂಡ್‌ನ ಮಾತಿನಂತೆ ಊರಿನ ಹಸುಗಳ ಹಾಲೆಲ್ಲ ಕೂಡಿಸಿ 1,235 ಪೌಂಡ್, ಅಂದರೆ ಸುಮಾರು 560 ಕಿಲೋ ತೂಕದ ಒಂದೇ ಒಂದು ಚೀಸ್ ಗಡ್ಡೆ ಮಾಡಿದರು. ಫೆಡರಲಿಸ್ಟ್ ಹಸುವಿನ ಹಾಲು ಒಂದು ತೊಟ್ಟೂ ಬೀಳಬಾರದು ಎಂಬ ಕಟ್ಟುಪಾಡಿತ್ತಂತೆ. ಜಾರುಬಂಡಿ, ದೋಣಿ, ಗಾಡಿ ಹತ್ತಿ ಅದು 1802ರ ಹೊಸ ವರ್ಷದ ದಿನ ಅಧ್ಯಕ್ಷನ ಮನೆ ತಲುಪಿತು. ಉಡುಗೊರೆ ಪುಕ್ಕಟೆ ತೆಗೆದುಕೊಳ್ಳಬಾರದೆಂದು ಜೆಫರ್ಸನ್ 200 ಡಾಲರ್ ಕೊಟ್ಟ. ಧರ್ಮಕ್ಕೂ ಸರ್ಕಾರಕ್ಕೂ ನಡುವೆ ಗೋಡೆ ಇರಬೇಕು ಎಂಬ ಅವನ ಹೆಸರಾಂತ ಪತ್ರವನ್ನು ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಬರೆದದ್ದೂ ಅದೇ ದಿನ.

ಚೀಸಿನ ಜೊತೆ ಬಂದ ಒಕ್ಕಣೆಯಲ್ಲಿ ಒಂದು ಸಾಲು ಹೀಗಿತ್ತು: ಇದನ್ನು ಸ್ವತಂತ್ರ ರೈತರು, ಅವರ ಹೆಂಡತಿ ಮಕ್ಕಳು ಮಾಡಿದ್ದು, ಒಬ್ಬನೇ ಒಬ್ಬ ಗುಲಾಮನ ಕೈ ತಾಗಿಲ್ಲ. ಸ್ವೀಕರಿಸಿದವನು ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಮಂದಿಯನ್ನು ಗುಲಾಮರಾಗಿ ಇಟ್ಟುಕೊಂಡವನು.

ಇಲ್ಲಿ ಹೋಲಿಕೆ ಕಷ್ಟವಾಗುತ್ತದೆ. ನೀವು ನ್ಯೂಯಾರ್ಕಿನ ಸ್ವತಂತ್ರ ಕಪ್ಪು ಗಂಡಸಾಗಿದ್ದು, ಮತದಾನಕ್ಕೆ ಬೇಕಾದಷ್ಟು ಆಸ್ತಿಯೂ ಇದ್ದರೆ, ಮತ ಫೆಡರಲಿಸ್ಟರಿಗೇ ಹೋಗುತ್ತಿತ್ತು. ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗಾಣಿಸುವ 1799ರ ಕಾಯ್ದೆಗೆ ಸಹಿ ಹಾಕಿದ ರಾಜ್ಯಪಾಲ ಅದೇ ಜಾನ್ ಜೇ. 1821ರಲ್ಲಿ ರಿಪಬ್ಲಿಕನ್ನರ ಹಿಡಿತದಲ್ಲಿದ್ದ ಸಭೆ ರಾಜ್ಯದ ಸಂವಿಧಾನವನ್ನು ತಿದ್ದಿ, ಬಿಳಿಯರಿಗೆ ಆಸ್ತಿಯ ಷರತ್ತು ಸಡಿಲಿಸಿ ಕಪ್ಪು ಮತದಾರರಿಗೆ 250 ಡಾಲರ್ ಆಸ್ತಿಯ ಷರತ್ತು ಹಾಕಿತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಗುಲಾಮರು ಬಂಡೆದ್ದು ಹಿಡಿತಕ್ಕೆ ತೆಗೆದುಕೊಂಡ, 1804ರಲ್ಲಿ ಹೈಟಿಯಾದ ಫ್ರೆಂಚ್ ವಸಾಹತಿನ ಜೊತೆ ಆಡಮ್ಸ್ ಸರ್ಕಾರ ವ್ಯಾಪಾರ ನಡೆಸಿತ್ತು. ಜೆಫರ್ಸನ್ ಕಾಲದಲ್ಲಿ, 1806ರಲ್ಲಿ, ಅದಕ್ಕೆ ನಿಷೇಧ ಬಿತ್ತು. ಇದನ್ನೆಲ್ಲ ನೋಡಿ ಫೆಡರಲಿಸ್ಟರನ್ನು ಗುಲಾಮಗಿರಿಯ ವಿರೋಧಿಗಳು ಅಂದುಬಿಡಬೇಡಿ. 1804 ಮತ್ತು 1808ರಲ್ಲಿ ಅವರ ಅಧ್ಯಕ್ಷ ಅಭ್ಯರ್ಥಿ ದಕ್ಷಿಣ ಕೆರೊಲಿನಾದ ದೊಡ್ಡ ಜಮೀನುದಾರ, ಗುಲಾಮರ ಒಡೆಯ ಚಾರ್ಲ್ಸ್ ಕೋಟ್ಸ್‌ವರ್ತ್ ಪಿಂಕ್ನಿ.

ಹೆಂಗಸರಿಗೆ ನ್ಯೂಜೆರ್ಸಿಯೊಂದರಲ್ಲಿ, 50 ಪೌಂಡ್ ಆಸ್ತಿ ಇದ್ದು ಗಂಡನಿಲ್ಲದಿದ್ದರೆ, ಮತವಿತ್ತು. 1807ರಲ್ಲಿ ಅದನ್ನೂ ಕಿತ್ತುಕೊಂಡರು. ಅದರಲ್ಲಿ ಮಾತ್ರ ಎರಡೂ ಪಕ್ಷಗಳಿಗೆ ಒಮ್ಮತ.

ಗೆದ್ದ ಮೇಲೆ

1800ರ ಚುನಾವಣೆಯಲ್ಲಿ ಜೆಫರ್ಸನ್‌ಗೆ 73 ಎಲೆಕ್ಟೋರಲ್ ಮತ (ಅಧ್ಯಕ್ಷನನ್ನು ಆರಿಸುವ ರಾಜ್ಯವಾರು ಪ್ರತಿನಿಧಿಗಳ ಮತ), ಅವನದೇ ಪಕ್ಷದ ಏರನ್ ಬರ್‌ಗೂ 73, ಆಡಮ್ಸ್‌ಗೆ 65. ಗುಲಾಮರಿಗೆ ಮತವಿರಲಿಲ್ಲ, ಆದರೆ ಪ್ರತಿ ಐವರನ್ನು ಮೂವರೆಂದು ಎಣಿಸಿ ದಕ್ಷಿಣಕ್ಕೆ ಹೆಚ್ಚುವರಿ ಸ್ಥಾನ ಕೊಡಲಾಗುತ್ತಿತ್ತು. ಆ ಲೆಕ್ಕ ಇಲ್ಲದಿದ್ದರೆ ಆಡಮ್ಸ್ ಗೆಲ್ಲುವ ಸಂಭವವೇ ಹೆಚ್ಚಿತ್ತು. ಸಮಬಲವಾದ್ದರಿಂದ ತೀರ್ಮಾನ ಕೆಳಮನೆಗೆ ಹೋಯಿತು, ಅಲ್ಲಿ ರಾಜ್ಯಕ್ಕೊಂದೇ ಮತ. ಫೆಬ್ರವರಿ 11ರಿಂದ 17ರವರೆಗೆ 36 ಸುತ್ತು ಮತದಾನ. ಬರ್‌ಗಿಂತ ಜೆಫರ್ಸನ್ ವಾಸಿ ಎಂದು ತನ್ನ ಪಕ್ಷದವರಿಗೆ ಪತ್ರದ ಮೇಲೆ ಪತ್ರ ಬರೆದವನು, ಬೇರಾರೂ ಅಲ್ಲ, ಹ್ಯಾಮಿಲ್ಟನ್. ಕೊನೆಯ ಸುತ್ತಿನಲ್ಲಿ ವೆರ್ಮಾಂಟ್‌ನ ಫೆಡರಲಿಸ್ಟ್ ಸದಸ್ಯ ಹಿಂದೆ ಸರಿದ. ಆ ರಾಜ್ಯದ ಮತ ಜೆಫರ್ಸನ್‌ಗೆ ಹಾಕಿದವನು ಮ್ಯಾಥ್ಯೂ ಲಿಯಾನ್.

ಹೊಸ ಸರ್ಕಾರ ಕೆಲವು ಮಾತುಗಳನ್ನು ಉಳಿಸಿಕೊಂಡಿತು. ಒಳಗಿನ ಸುಂಕಗಳು ಹೋದವು, ಸೈನ್ಯ ಚಿಕ್ಕದಾಯಿತು, ಹಣಕಾಸು ನೋಡಿಕೊಂಡ ಆಲ್ಬರ್ಟ್ ಗ್ಯಾಲಟಿನ್ ಸಾಲವನ್ನು 8.3 ಕೋಟಿಯಿಂದ 5.7 ಕೋಟಿಗೆ ಇಳಿಸಿದ. ಅದೂ ಲೂಸಿಯಾನ ಖರೀದಿಯ ಒಂದೂವರೆ ಕೋಟಿಯನ್ನು ನಡುವೆ ಹೊತ್ತುಕೊಂಡು. ಆ ಖರೀದಿಗೆ ಸಂವಿಧಾನ ತಿದ್ದುಪಡಿ ಬೇಕು ಎಂದು ಜೆಫರ್ಸನ್‌ಗೇ ಅನಿಸಿತ್ತು, ಕರಡೂ ಬರೆದಿದ್ದ; ತಡಮಾಡಿದರೆ ನೆಪೋಲಿಯನ್ ಮನಸ್ಸು ಬದಲಿಸಬಹುದೆಂದು ಕರಡನ್ನು ಪಕ್ಕಕ್ಕಿಟ್ಟ. ಬ್ಯಾಂಕಿನ ವಿಷಯದಲ್ಲಿ ಹ್ಯಾಮಿಲ್ಟನ್‌ಗೆ ಹೇಳಿದ ಪಾಠ ಆಗ ನೆನಪಿಗೆ ಬರಲಿಲ್ಲ.

1807ರ ಎಂಬಾರ್ಗೊ ಇನ್ನೂ ಮುಂದಿನ ಹೆಜ್ಜೆ. ಬ್ರಿಟನ್, ಫ್ರಾನ್ಸ್ ಎರಡಕ್ಕೂ ಬುದ್ಧಿ ಕಲಿಸಲು ವಿದೇಶಕ್ಕೆ ಹೋಗುವ ಹಡಗುಗಳನ್ನೆಲ್ಲ ಬಂದರಿನಲ್ಲೇ ನಿಲ್ಲಿಸಿದರು. ರಫ್ತು ಒಂದೇ ವರ್ಷದಲ್ಲಿ 10.8 ಕೋಟಿ ಡಾಲರ್‌ನಿಂದ 2.2 ಕೋಟಿಗೆ ಕುಸಿಯಿತು. ಕಳ್ಳಸಾಗಣೆ ತಡೆಯಲು ಬಂದ ಕಾಯ್ದೆ ವಾರಂಟ್ ಇಲ್ಲದೆ ಸರಕು ಹಿಡಿಯುವ ಅಧಿಕಾರ ಕೊಟ್ಟಿತು. ಕಾಯಂ ಸೈನ್ಯಕ್ಕೆ ಹೆದರುತ್ತಿದ್ದ ಪಕ್ಷ ತನ್ನದೇ ಜನರ ಮೇಲೆ ಸೈನಿಕರನ್ನು ಬಿಟ್ಟಿತು. ಕನೆಕ್ಟಿಕಟ್‌ನ ಫೆಡರಲಿಸ್ಟ್ ರಾಜ್ಯಪಾಲ ಟ್ರಂಬುಲ್, ನಮ್ಮ ರಾಜ್ಯದ ಪಡೆ ಇದಕ್ಕೆ ಕೈಜೋಡಿಸುವುದಿಲ್ಲ ಎಂದ. ಹತ್ತು ವರ್ಷದ ಹಿಂದೆ ಜೆಫರ್ಸನ್ ಕೆಂಟಕಿಗೆ ಗುಟ್ಟಾಗಿ ಬರೆದುಕೊಟ್ಟ ವಾದದ್ದೇ ದನಿ.

ಇಷ್ಟಾದ ಮೇಲೆ ನನ್ನ ಆಯ್ಕೆ ಯಾವುದು ಅಂದರೆ: 1792ರಲ್ಲಾಗಿದ್ದರೆ ಹ್ಯಾಮಿಲ್ಟನ್ ಕಡೆ, ಬ್ಯಾಂಕಿಗಾಗಿ. 1800ರಲ್ಲಿ ಎರಡನೇ ಯೋಚನೆಯಿಲ್ಲದೆ ಜೆಫರ್ಸನ್, ಸೆಡಿಷನ್ ಕಾಯ್ದೆಯೊಂದೇ ಕಾರಣಕ್ಕೆ. ಹೆಂಡದಂಗಡಿ ಮಾತಿಗೆ ದಂಡ ಹಾಕುವ ಸರ್ಕಾರಕ್ಕೆ ಬ್ಯಾಂಕ್ ಎಷ್ಟು ಚೆನ್ನಾಗಿದ್ದರೇನು. 1808ರಲ್ಲಿ ಬಂದರಿನ ಊರಿನಲ್ಲಿದ್ದಿದ್ದರೆ ಮತ್ತೆ ಫೆಡರಲಿಸ್ಟ್. 1814ರಲ್ಲಿ ಬ್ರಿಟನ್ ಜೊತೆಗಿನ ಯುದ್ಧದ ನಡುವೆ ಹಾರ್ಟ್‌ಫರ್ಡ್‌ನಲ್ಲಿ 26 ಮಂದಿ ಗುಟ್ಟಾಗಿ ಸೇರಿದ ಮೇಲೆ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ದೇಶವೂ ಸುಳಿಯಲಿಲ್ಲ. ಅವರ ಬೇಡಿಕೆ ಪಟ್ಟಿ ವಾಷಿಂಗ್ಟನ್ ತಲುಪುವಷ್ಟರಲ್ಲಿ ನ್ಯೂ ಓರ್ಲಿಯನ್ಸ್ ಗೆಲುವಿನ ಸುದ್ದಿಯೂ ಶಾಂತಿ ಒಪ್ಪಂದದ ಸುದ್ದಿಯೂ ಬಂದಿದ್ದವು. 1816ರ ಅಧ್ಯಕ್ಷ ಚುನಾವಣೆಯಲ್ಲಿ ಫೆಡರಲಿಸ್ಟ್ ರೂಫಸ್ ಕಿಂಗ್‌ಗೆ 34 ಮತ, ರಿಪಬ್ಲಿಕನ್ ಮನ್ರೋಗೆ 183. ಅದೇ ವರ್ಷ, ಮೊದಲ ಬ್ಯಾಂಕನ್ನು ಸಂವಿಧಾನಬಾಹಿರ ಅಂದಿದ್ದ ಮ್ಯಾಡಿಸನ್ ಅಧ್ಯಕ್ಷನಾಗಿ ಮೂರೂವರೆ ಕೋಟಿ ಡಾಲರ್ ಬಂಡವಾಳದ ಎರಡನೇ ಬ್ಯಾಂಕಿಗೆ ಸಹಿ ಹಾಕಿದ. ಫೆಡರಲಿಸ್ಟ್ ಪಕ್ಷ ಸೋತಿತು, ಕಾರ್ಯಕ್ರಮ ಗೆದ್ದಿತು.

ವಾರಸುದಾರರನ್ನು ಹುಡುಕುವವರಿಗೆ

ಈಗಿನ ಡೆಮಾಕ್ರಟರು ಜೆಫರ್ಸನ್ ಮಕ್ಕಳೋ, ಈಗಿನ ರಿಪಬ್ಲಿಕನ್ನರು ಹ್ಯಾಮಿಲ್ಟನ್ ಮಕ್ಕಳೋ ಎಂದು ಕೇಳುವವರಿದ್ದಾರೆ. ದಾರಿ ಅಷ್ಟು ನೇರವಿಲ್ಲ. 1824ರಲ್ಲಿ ಒಂದೇ ಪಕ್ಷದ ನಾಲ್ವರು ಸ್ಪರ್ಧಿಸಿದರು. 99 ಮತ ಪಡೆದ ಆಂಡ್ರ್ಯೂ ಜಾಕ್ಸನ್‌ನನ್ನು ಬಿಟ್ಟು 84 ಪಡೆದ ಜಾನ್ ಕ್ವಿನ್ಸಿ ಆಡಮ್ಸ್‌ನನ್ನು ಕೆಳಮನೆ ಆರಿಸಿತು. ಆ ಸಿಟ್ಟಿನಿಂದ ಜಾಕ್ಸನ್ ಮತ್ತು ವ್ಯಾನ್ ಬ್ಯೂರನ್ ಕಟ್ಟಿದ್ದು ಡೆಮಾಕ್ರಟಿಕ್ ಪಕ್ಷ. 1832ರಲ್ಲಿ, ಆಗ ಅಧ್ಯಕ್ಷನಾಗಿದ್ದ ಜಾಕ್ಸನ್ ಬ್ಯಾಂಕಿನ ಸನ್ನದಿಗೆ ವೀಟೋ ಹಾಕಿದ ಮೇಲೆ ಅವನನ್ನು ರಾಜನೆಂದು ಜರೆದವರು ಒಟ್ಟುಗೂಡಿ ವಿಗ್ ಪಕ್ಷವಾದರು. ಅಂದರೆ ಬ್ಯಾಂಕ್ ಬೇಕೆಂದ ಹ್ಯಾಮಿಲ್ಟನ್‌ನ ಆಸೆ, ಅರಮನೆ ಬೇಡವೆಂದ ಜೆಫರ್ಸನ್‌ನ ಭಯ, ಎರಡೂ ವಿಗ್ಗರ ಒಂದೇ ಚೀಲದಲ್ಲಿ.

ಮನುಷ್ಯರನ್ನು ಹಿಂಬಾಲಿಸಿದರೂ ಅಷ್ಟೇ. ಜಾನ್ ಆಡಮ್ಸ್‌ನ ಮಗ ಜಾನ್ ಕ್ವಿನ್ಸಿ ಫೆಡರಲಿಸ್ಟ್ ಸೆನೆಟರ್ ಆಗಿದ್ದು, ಎಂಬಾರ್ಗೊ ಬೆಂಬಲಿಸಿ ಸ್ಥಾನ ಕಳೆದುಕೊಂಡು, ರಿಪಬ್ಲಿಕನ್ ಆಗಿ ಅಧ್ಯಕ್ಷನಾಗಿ, ಕೊನೆಗೆ ವಿಗ್ಗರ ಸಾಲಿನಲ್ಲಿ ಕೂತ. ಪೆನ್ಸಿಲ್ವೇನಿಯಾದಲ್ಲಿ ಫೆಡರಲಿಸ್ಟನಾಗಿ ರಾಜಕೀಯ ಶುರುಮಾಡಿದ ಜೇಮ್ಸ್ ಬುಕ್ಯಾನನ್ 1857ರಲ್ಲಿ ಡೆಮಾಕ್ರಟ್ ಅಧ್ಯಕ್ಷನಾದ. ಜಾಕ್ಸನ್ ಪರವಾಗಿ ಬ್ಯಾಂಕಿನಿಂದ ಸರ್ಕಾರದ ಠೇವಣಿ ಹೊರತೆಗೆದ ಹಣಕಾಸು ಕಾರ್ಯದರ್ಶಿ ರೋಜರ್ ಟೇನಿ, ಮೇರಿಲ್ಯಾಂಡಿನ ಹಳೆಯ ಫೆಡರಲಿಸ್ಟ್. 1836ರಲ್ಲಿ ಫೆಡರಲಿಸ್ಟ್ ಜಾನ್ ಮಾರ್ಷಲ್ ತೆರವು ಮಾಡಿದ ಮುಖ್ಯ ನ್ಯಾಯಮೂರ್ತಿಯ ಸ್ಥಾನಕ್ಕೆ ಜಾಕ್ಸನ್ ಅವನನ್ನೇ ಕೂರಿಸಿದ.